ರೆಡಿಂಗ್ ಸೆರೆಮನೆಯ ಪುಸ್ತಕಗಳು

ಸೆರೆಮನೆಯಲ್ಲಿ ಪುಸ್ತಕ ಹಿಡಿದವರು ಕ್ರಮೇಣ ತಮ್ಮ ಹಿಂದಿನ ತಪ್ಪುಗಳನ್ನು ಎದುರಿಸಿ ನಿಂತು ನೆಮ್ಮದಿ ಕಂಡರು ಎಂಬ ಮಾತು ಬಹಳ ಹಳೆಯದು; ಆದರೆ ಆ ಪುಸ್ತಕವನ್ನು ಆರಿಸಿದವರು ಯಾರು, ಅದನ್ನು ಯಾವ ಉದ್ದೇಶಕ್ಕೆ ಕೊಟ್ಟರು, ಓದಿದವನಿಗೆ ಅದರ ಬಗ್ಗೆ ತನ್ನ ಮಾತನ್ನು ಬರೆದಿಡುವ ಅವಕಾಶವಿತ್ತೇ ಎಂಬ ಪ್ರಶ್ನೆಗಳನ್ನು ಕೇಳದೆ ಈ ಮಾತನ್ನು ಒಪ್ಪಿಕೊಂಡರೆ ಇತಿಹಾಸದ ಬಹುಭಾಗ ಮರೆಯಾಗುತ್ತದೆ. ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದ ರೆಡಿಂಗ್ ಪಟ್ಟಣದಲ್ಲಿ, ಮಧ್ಯಯುಗದ ಕ್ರೈಸ್ತ ಮಠವೊಂದರ ಅವಶೇಷಗಳ ಪಕ್ಕದಲ್ಲಿ 1844ರಲ್ಲಿ ತೆರೆದ ಸೆರೆಮನೆಯು ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ತಕ್ಕ ಸ್ಥಳ. ಸುಮಾರು ಐವತ್ತು ವರ್ಷಗಳ ಅವಧಿಯಲ್ಲಿ ಅಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ನೀತಿಗಳು ಜಾರಿಯಲ್ಲಿದ್ದವು: ಮೊದಲನೆಯದು ಕೈದಿಗೆ ಓದನ್ನು ಹೇರಿದ ನೀತಿ, ಎರಡನೆಯದು ಅವನಿಂದ ಓದನ್ನು ಹೆಚ್ಚುಕಡಿಮೆ ಕಸಿದುಕೊಂಡ ನೀತಿ. ಈ ಎರಡನೆಯ ನೀತಿಯ ಸಣ್ಣ ಬಿರುಕೊಂದರಲ್ಲಿ, 1896ರ ಬೇಸಿಗೆಯಿಂದ 1897ರ ಮೇ ತಿಂಗಳವರೆಗೆ, ಒಬ್ಬ ಕೈದಿಗೆ ತನಗೆ ಬೇಕಾದ ಪುಸ್ತಕವನ್ನು ಕೇಳಿ ಪಡೆಯುವ ಅವಕಾಶ ಸಿಕ್ಕಿತು, ಮತ್ತು ಆ ಅವಕಾಶದ ಫಲ ಇಂದಿಗೂ ಓದುಗರ ಕೈಯಲ್ಲಿದೆ.

ರೆಡಿಂಗ್ ಸೆರೆಮನೆಯನ್ನು ಕಟ್ಟುವಾಗ ಅದರ ವಾಸ್ತುಶಿಲ್ಪಿಗಳಾದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮತ್ತು ವಿಲಿಯಂ ಮೊಫಾಟ್ ಅವರ ಮುಂದಿದ್ದ ಮಾದರಿ, 1842ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಪೆಂಟನ್‌ವಿಲ್ ಸೆರೆಮನೆ. ಪೆಂಟನ್‌ವಿಲ್‌ಗೆ ಮಾದರಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದಿದ್ದ ಈಸ್ಟರ್ನ್ ಸ್ಟೇಟ್ ಸೆರೆಮನೆ. ಈ ಮೂರನ್ನೂ ಒಂದು ಸೂತ್ರಕ್ಕೆ ಕಟ್ಟಿದ್ದು ಪ್ರತ್ಯೇಕ ವ್ಯವಸ್ಥೆ ಎಂದು ಹೆಸರಾದ ದಂಡನಾ ಕ್ರಮ, ಅಂದರೆ ಒಬ್ಬ ಕೈದಿ ಇನ್ನೊಬ್ಬನನ್ನು ನೋಡದಂತೆ, ಮಾತನಾಡಿಸದಂತೆ, ಅವನ ಹೆಸರು ಕೂಡ ತಿಳಿಯದಂತೆ ಇಡೀ ಶಿಕ್ಷೆಯನ್ನು ಒಂಟಿ ಕೋಣೆಯಲ್ಲಿ ಕಳೆಯುವಂತೆ ಮಾಡುವ ಏರ್ಪಾಡು. ಅಂಗಳದಲ್ಲಿ ನಡೆದಾಡುವಾಗ ಮುಖ ಮುಚ್ಚುವ ಟೋಪಿ ತೊಡಿಸುತ್ತಿದ್ದರು. ಪ್ರಾರ್ಥನಾ ಮಂದಿರದಲ್ಲಿ ಪ್ರತಿಯೊಬ್ಬನಿಗೂ ಹಲಗೆಯ ಗೂಡು ಮಾಡಿ, ಪಾದ್ರಿ ಮಾತ್ರ ಕಾಣುವಂತೆ, ಪಕ್ಕದವನು ಕಾಣದಂತೆ ನಿಲ್ಲಿಸುತ್ತಿದ್ದರು. ಕೆಟ್ಟ ಸಹವಾಸದಿಂದ ಬಿಡಿಸಿದರೆ ಮನುಷ್ಯನು ತನ್ನ ಅಂತಃಸಾಕ್ಷಿಯ ಎದುರು ಒಂಟಿಯಾಗುತ್ತಾನೆ, ಆಗ ಅವನ ಕೈಗೆ ಬೈಬಲ್ ಕೊಟ್ಟರೆ ಪಶ್ಚಾತ್ತಾಪ ತಾನಾಗಿ ಹುಟ್ಟುತ್ತದೆ ಎಂಬುದು ಇದರ ಹಿಂದಿದ್ದ ನಂಬಿಕೆ. ನಂಬಿದವರು ಕ್ರೂರಿಗಳಾಗಿರಲಿಲ್ಲ, ಹಳೆಯ ಜೈಲುಗಳ ಹೊಲಸು, ರೋಗ, ಕುಡಿತ, ಸುಲಿಗೆಗಳನ್ನು ಕಂಡು ನೊಂದಿದ್ದ ಸುಧಾರಕರೇ ಅವರಲ್ಲಿ ಹೆಚ್ಚಿನವರು.

ರೆಡಿಂಗ್‌ನಲ್ಲಿ ಈ ನಂಬಿಕೆ ತನ್ನ ತುದಿ ಮುಟ್ಟಿತು. ಅಲ್ಲಿನ ಪಾದ್ರಿ ಜಾನ್ ಫೀಲ್ಡ್ ಎಂಬವರು ಪ್ರತ್ಯೇಕ ವ್ಯವಸ್ಥೆಯ ಕಟ್ಟಾ ಸಮರ್ಥಕರಾಗಿದ್ದು, ಅದರ ಗುಣಗಳನ್ನು ವಿವರಿಸುವ ಗ್ರಂಥವನ್ನೇ ಬರೆದರು. ಅವರ ಪ್ರಭಾವದಲ್ಲಿ ಕೈಕೆಲಸ ಹಿಂದೆ ಸರಿದು, ದಿನದ ಬಹುಪಾಲು ಓದು ಮತ್ತು ಕಂಠಪಾಠಕ್ಕೆ ಮೀಸಲಾಯಿತು. ಅಕ್ಷರ ಬಾರದವರಿಗೆ ಅಕ್ಷರ ಕಲಿಸಿ, ಬಂದವರಿಗೆ ಬೈಬಲ್ಲಿನ ಹೊಸ ಒಡಂಬಡಿಕೆಯ ಅಧ್ಯಾಯಗಳನ್ನು ಬಾಯಿಪಾಠ ಮಾಡಿಸಿ, ಒಪ್ಪಿಸುವಂತೆ ಮಾಡಲಾಯಿತು. ಊರಿನ ಹೆಸರಿನ ಕಾಗುಣಿತವೂ ಓದು ಎಂಬ ಅರ್ಥದ ಇಂಗ್ಲಿಷ್ ಪದದ ಕಾಗುಣಿತವೂ ಒಂದೇ ಆದುದರಿಂದ, ಜನ ಈ ಸೆರೆಮನೆಯನ್ನು ಓದು ಓದು ಎನ್ನುವ ಜೈಲೆಂದು ಕರೆಯತೊಡಗಿದರು. ಕೈದಿ ಎಷ್ಟು ಅಧ್ಯಾಯ ಒಪ್ಪಿಸಿದ ಎಂಬುದು ಎಣಿಕೆಗೆ ಸಿಗುವ ಸಂಗತಿಯಾದ್ದರಿಂದ ಅದೇ ಅವನ ಸುಧಾರಣೆಯ ಅಳತೆಯೂ ಆಯಿತು, ಮತ್ತು ಈ ಪ್ರಯೋಗದ ಮೂಲ ದೋಷ ಇದ್ದದ್ದು ಇಲ್ಲಿಯೇ. ಪಶ್ಚಾತ್ತಾಪವನ್ನು ಪರೀಕ್ಷೆಯಾಗಿಸಿದ ಮೇಲೆ ಪರೀಕ್ಷೆಯಲ್ಲಿ ಗೆಲ್ಲುವ ಕಲೆ ಬೆಳೆಯುತ್ತದೆಯೇ ಹೊರತು ಪಶ್ಚಾತ್ತಾಪ ಬೆಳೆಯುವುದು ಕಷ್ಟ. ಪೆಂಟನ್‌ವಿಲ್‌ನಲ್ಲಂತೂ ಇದಕ್ಕೆ ನೇರವಾದ ಲೌಕಿಕ ಬೆಲೆ ಕಟ್ಟಲಾಗಿತ್ತು: ಗಡೀಪಾರಿನ ಶಿಕ್ಷೆಗೆ ಒಳಗಾದವರನ್ನು ಆರಂಭದ ವರ್ಷಗಳಲ್ಲಿ ಅಲ್ಲಿ ಸುಮಾರು ಹದಿನೆಂಟು ತಿಂಗಳು ಇರಿಸಿಕೊಂಡು, ನಡತೆ ಒಳ್ಳೆಯದೆಂದು ಬರೆಸಿಕೊಂಡವನನ್ನು ಆಸ್ಟ್ರೇಲಿಯಾಕ್ಕೆ ಬಹುಪಾಲು ಸ್ವತಂತ್ರನಾಗಿ, ಕೆಟ್ಟದೆಂದು ಬರೆಸಿಕೊಂಡವನನ್ನು ಕಡ್ಡಾಯ ದುಡಿಮೆಗೆ ಕಳಿಸಲಾಗುತ್ತಿತ್ತು.

ಈ ದೋಷವನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. 1842ರಲ್ಲಿ ಫಿಲಡೆಲ್ಫಿಯಾದ ಸೆರೆಮನೆಯನ್ನು ನೋಡಿ ಬಂದು, ಒಂಟಿತನವು ದೇಹದ ಮೇಲೆ ಗಾಯ ಮಾಡದೆಯೇ ಮನಸ್ಸನ್ನು ಹಿಂಸಿಸುತ್ತದೆ ಎಂಬ ಅಭಿಪ್ರಾಯವನ್ನು ತಮ್ಮ ಪ್ರವಾಸಕಥನದಲ್ಲಿ ದಾಖಲಿಸಿದ ಅವರು, 1849-50ರಲ್ಲಿ ಪ್ರಕಟವಾದ ಡೇವಿಡ್ ಕಾಪರ್‌ಫೀಲ್ಡ್ ಕಾದಂಬರಿಯ ಕೊನೆಯ ಭಾಗದಲ್ಲಿ ಇಂಥದೇ ಒಂದು ಮಾದರಿ ಸೆರೆಮನೆಯನ್ನು ಚಿತ್ರಿಸಿದರು. ಅಲ್ಲಿ ಕಥೆಯ ಖಳನಾದ ಯುರಾಯ ಹೀಪ್ ಕೈಯಲ್ಲಿ ಸ್ತೋತ್ರಪುಸ್ತಕ ಹಿಡಿದು, ತನ್ನ ತಪ್ಪುಗಳೆಲ್ಲ ತನಗೆ ಅರಿವಾಗಿವೆಯೆಂದು ಸಂದರ್ಶಕರ ಮುಂದೆ ವಿನಯದಿಂದ ನುಡಿಯುತ್ತಾನೆ, ಅಧಿಕಾರಿಗಳು ಅವನನ್ನು ಆದರ್ಶ ಕೈದಿಯೆಂದು ಮೆಚ್ಚುತ್ತಾರೆ, ಅವನ ಸ್ವಭಾವ ಮಾತ್ರ ಎಳ್ಳಷ್ಟೂ ಬದಲಾಗಿರುವುದಿಲ್ಲ. ಫೀಲ್ಡ್ ಅವರ ಕೈಕೆಳಗೆ ಓದು ಕಲಿತು ಹೊರಗೆ ಹೋದ ಎಷ್ಟೋ ಬಡ ಕೂಲಿಗಳಿಗೆ ಅಕ್ಷರವೊಂದು ಆಸ್ತಿಯಾಗಿ ಉಳಿದಿರಬಹುದು, ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬೇರಾವ ಪುಸ್ತಕವೂ ಇಲ್ಲದ, ಬೇರಾವ ಮನುಷ್ಯನೂ ಇಲ್ಲದ ಕೋಣೆಯಲ್ಲಿ ಒಂದೇ ಗ್ರಂಥವನ್ನು ಒಪ್ಪಿಸಲು ಕಲಿಯುವುದು ಓದಲ್ಲ, ಅದು ಶಿಕ್ಷೆಯ ಇನ್ನೊಂದು ರೂಪ.

ಈ ಪ್ರಯೋಗವು ಫಲ ಕೊಡಲಿಲ್ಲ ಎಂಬ ತೀರ್ಮಾನಕ್ಕೆ ಬ್ರಿಟಿಷ್ ಸರ್ಕಾರ ಬಂದಾಗ, ಅದು ಕಲಿತ ಪಾಠ ಮಾತ್ರ ಇನ್ನೂ ಕಠೋರವಾಗಿತ್ತು. 1863ರಲ್ಲಿ ಕಾರ್ನಾರ್ವನ್ ಪ್ರಭುವಿನ ಸಮಿತಿ ಸೆರೆಮನೆಯ ಮುಖ್ಯ ಉದ್ದೇಶ ಹೆದರಿಕೆ ಹುಟ್ಟಿಸುವುದೇ ಎಂದು ಸಾರಿತು. 1865ರ ಕಾಯಿದೆ ಅದನ್ನು ಜಾರಿಗೆ ತಂದಿತು. 1877ರ ಕಾಯಿದೆಯು ಊರೂರಿನ ಸೆರೆಮನೆಗಳನ್ನೆಲ್ಲ ಕೇಂದ್ರ ಸರ್ಕಾರದ ಆಯೋಗದ ಅಡಿಗೆ ತಂದಾಗ, ಎಡ್ಮಂಡ್ ಡ್ಯು ಕೇನ್ ಎಂಬ ಸೇನಾ ಎಂಜಿನಿಯರ್ ಅಧಿಕಾರಿ ಅದರ ಅಧ್ಯಕ್ಷರಾಗಿ 1895ರವರೆಗೆ ಇಡೀ ದೇಶದ ಕೈದಿಗಳ ದಿನಚರಿಯನ್ನು ಒಂದೇ ಅಚ್ಚಿಗೆ ಹಾಕಿದರು. ಹಾಸಿಗೆಯಿಲ್ಲದ ಹಲಗೆ, ಅರೆಹೊಟ್ಟೆಯ ಊಟ, ಹಡಗಿನ ಸಂದುಗಳಿಗೆ ತುಂಬುವ ನಾರಿಗಾಗಿ ಟಾರು ಹತ್ತಿದ ಹಳೆಯ ಹಗ್ಗವನ್ನು ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸುವ ಕೆಲಸ, ಜೊತೆಗೆ ಸಂಪೂರ್ಣ ಮೌನ. ಒಂಟಿತನ ಹಾಗೆಯೇ ಉಳಿಯಿತು, ಅದಕ್ಕೆ ಅರ್ಥ ಕೊಡುತ್ತಿದ್ದ ಪುಸ್ತಕ ಬಹುಮಟ್ಟಿಗೆ ಹೋಯಿತು. ಮೊದಲ ಮೂರು ತಿಂಗಳು ಬೈಬಲ್, ಪ್ರಾರ್ಥನಾ ಪುಸ್ತಕ, ಸ್ತೋತ್ರಗಳು, ಇಷ್ಟೇ. ಆಮೇಲೆ ಪಾದ್ರಿ ಆರಿಸಿ ಇಟ್ಟ ಸಣ್ಣ ಸಂಗ್ರಹದಿಂದ ಎಣಿಸಿ ಕೊಡುವ ಪುಸ್ತಕ.

ಈ ವ್ಯವಸ್ಥೆಯೊಳಕ್ಕೆ 1895ರ ಮೇ 25ರಂದು, ಎರಡು ವರ್ಷಗಳ ಕಠಿಣ ಸಜೆ ಹೊತ್ತು ಬಂದವರು ಐರಿಷ್ ಮೂಲದ ಲೇಖಕ, ನಾಟಕಕಾರ ಆಸ್ಕರ್ ವೈಲ್ಡ್. ಅವರ ಅಪರಾಧವೆಂದು ಕಾನೂನು ಹೆಸರಿಸಿದ್ದು 1885ರ ಕಾಯಿದೆಯ 11ನೆಯ ಕಲಮಿನಂತೆ ಗಂಡಸರ ನಡುವಿನ ದೇಹಸಂಬಂಧವನ್ನು. ಆ ಕಲಮು ಅನ್ಯಾಯದ್ದೆಂದು ಇಂದು ಅವರ ದೇಶವೇ ಒಪ್ಪಿದೆ. 1967ರಲ್ಲಿ ಇಂಗ್ಲೆಂಡ್ ಆ ನಿಷೇಧವನ್ನು ಬಹುಮಟ್ಟಿಗೆ ತೆಗೆಯಿತು, 2017ರಲ್ಲಿ ವೈಲ್ಡ್ ಸೇರಿದಂತೆ ಸಾವಿರಾರು ಮಂದಿಗೆ ಮರಣೋತ್ತರ ಕ್ಷಮಾಪಣೆ ದೊರೆಯಿತು, ಮತ್ತು ಬ್ರಿಟಿಷರು ಭಾರತದ ದಂಡಸಂಹಿತೆಯಲ್ಲಿ ಬಿಟ್ಟುಹೋಗಿದ್ದ 377ನೆಯ ಕಲಮಿನ ಇದೇ ಬಗೆಯ ಭಾಗವನ್ನು ಭಾರತದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ರದ್ದುಪಡಿಸಿತು. ಆದ್ದರಿಂದ ವೈಲ್ಡ್ ಅವರ ತಪ್ಪು ಎಂದಾಗ ನ್ಯಾಯಾಲಯ ಹೇಳಿದ ತಪ್ಪನ್ನು ಬದಿಗಿಟ್ಟು, ಅವರೇ ತಮ್ಮೊಳಗೆ ಒಪ್ಪಿಕೊಂಡ ತಪ್ಪನ್ನು ನೋಡಬೇಕು. ಗೆಳೆಯ ಆಲ್ಫ್ರೆಡ್ ಡಗ್ಲಸ್‌ನ ತಂದೆ ಕ್ವೀನ್ಸ್‌ಬೆರಿ ಪ್ರಭು ತಮ್ಮನ್ನು ಅವಮಾನಿಸಿದಾಗ, ತಂದೆ ಮಗನ ಜಗಳದಲ್ಲಿ ದಾಳವಾಗಿ, ತಾವೇ ಮಾನನಷ್ಟದ ಮೊಕದ್ದಮೆ ಹೂಡಿ ಕಾನೂನಿನ ಬಾಗಿಲು ತಟ್ಟಿದ್ದು. ಬರವಣಿಗೆಯನ್ನು ಕಡೆಗಣಿಸಿ ಭೋಗದಲ್ಲಿ, ಸಾಲದಲ್ಲಿ ಕಳೆದುಹೋದದ್ದು. ಹೆಂಡತಿ ಕಾನ್‌ಸ್ಟನ್ಸ್ ಮತ್ತು ಇಬ್ಬರು ಗಂಡುಮಕ್ಕಳ ಬಾಳನ್ನು ಲಕ್ಷಿಸದೆ ಹೋದದ್ದು. ಇವು ಯಾವ ದಂಡಸಂಹಿತೆಯಲ್ಲೂ ಇಲ್ಲದ ತಪ್ಪುಗಳು, ಯಾವ ನ್ಯಾಯಾಧೀಶನೂ ಇವುಗಳಿಗೆ ಅವಧಿ ಗೊತ್ತುಮಾಡಲಾರ.

ಪುಸ್ತಕಗಳ ನಡುವೆಯೇ ಬೆಳೆದಿದ್ದ ಮನುಷ್ಯನಿಗೆ ಅವುಗಳ ನಷ್ಟ ಸೆರೆಗೆ ಮೊದಲೇ ಆರಂಭವಾಗಿತ್ತು. ವಿಚಾರಣೆ ಇನ್ನೂ ಮುಗಿಯದಿರುವಾಗಲೇ, 1895ರ ಏಪ್ರಿಲ್ 24ರಂದು, ಸಾಲಗಾರರ ಒತ್ತಾಯದಿಂದ ಲಂಡನ್ನಿನ ಟೈಟ್ ಬೀದಿಯ ಅವರ ಮನೆಯ ಸಾಮಾನುಗಳು ಹರಾಜಾದವು, ಗ್ರಂಥಸಂಗ್ರಹವೂ ಕಟ್ಟುಕಟ್ಟಾಗಿ ಬಿಕರಿಯಾಗಿ ಚದುರಿಹೋಯಿತು. ಪೆಂಟನ್‌ವಿಲ್‌ನ ಕೋಣೆಯಲ್ಲಿ ಅವರು ಕುಸಿದುಹೋಗಿದ್ದಾಗ, ಜೂನ್ ತಿಂಗಳಿನಲ್ಲಿ ಭೇಟಿಗೆ ಬಂದವರು ವಕೀಲರೂ ಪಾರ್ಲಿಮೆಂಟ್ ಸದಸ್ಯರೂ ಆಗಿದ್ದ ಆರ್. ಬಿ. ಹಾಲ್ಡೇನ್. ಸೆರೆಮನೆಗಳ ಸ್ಥಿತಿಯನ್ನು ಪರಿಶೀಲಿಸಲು ಹರ್ಬರ್ಟ್ ಗ್ಲಾಡ್‌ಸ್ಟನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾಗಿ ಅದೇ ವರ್ಷ ವರದಿ ಒಪ್ಪಿಸಿದ್ದ ಸಮಿತಿಯ ಸದಸ್ಯರಾಗಿದ್ದುದರಿಂದ ಹಾಲ್ಡೇನರಿಗೆ ಯಾವ ಸೆರೆಮನೆಗಾದರೂ ಹೋಗುವ ಅಧಿಕಾರವಿತ್ತು. ಮೊದಮೊದಲು ಬಾಯಿಬಿಡದ ವೈಲ್ಡ್, ಪುಸ್ತಕ, ಕಾಗದ, ಶಾಯಿ ಕೊಡಿಸಲು ಪ್ರಯತ್ನಿಸುವೆನೆಂಬ ಮಾತು ಕೇಳಿ ಅತ್ತರೆಂದೂ, ಫ್ರೆಂಚ್ ಕಾದಂಬರಿಕಾರ ಫ್ಲೋಬೇರರ ಕೃತಿಗಳನ್ನು ಕೇಳಿದರೆಂದೂ, ಅಶ್ಲೀಲತೆಯ ಆರೋಪ ಎದುರಿಸಿದ್ದ ಆ ಲೇಖಕನ ಪುಸ್ತಕಕ್ಕೆ ಒಪ್ಪಿಗೆ ಸಿಗುವುದು ಕಷ್ಟವೆಂದು ಹೇಳಿದಾಗ ಇಬ್ಬರೂ ಬೇರೆ ಪಟ್ಟಿಗೆ ಒಪ್ಪಿದರೆಂದೂ ಹಾಲ್ಡೇನ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಹಾಗೆ ಬಂದ ಪಟ್ಟಿಯಲ್ಲಿ ಸಂತ ಅಗಸ್ಟೀನರ ಕನ್ಫೆಷನ್ಸ್, ಪಾಸ್ಕಲ್‌ನ ಚಿಂತನೆಗಳು, ಕಾರ್ಡಿನಲ್ ನ್ಯೂಮನ್ನರ ಗ್ರಂಥಗಳು, ಮಾಮ್‌ಸೆನ್‌ನ ರೋಮ್ ಇತಿಹಾಸ, ವೈಲ್ಡ್‌ರ ಗುರುವಿನಂತಿದ್ದ ವಾಲ್ಟರ್ ಪೇಟರರ ರಿನೈಸೆನ್ಸ್ ಕುರಿತ ಪ್ರಬಂಧಗಳು ಇದ್ದವು. ಜುಲೈಯಲ್ಲಿ ವೈಲ್ಡ್‌ರನ್ನು ವಾಂಡ್ಸ್‌ವರ್ತ್ ಸೆರೆಮನೆಗೂ, ನವೆಂಬರಿನಲ್ಲಿ ರೆಡಿಂಗ್‌ಗೂ ಸಾಗಿಸಿದಾಗ ಈ ಪುಸ್ತಕಗಳೂ ಅವರ ಹಿಂದೆ ಹೋದವು.

ರೆಡಿಂಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಸಿ ವಿಭಾಗದ ಮೂರನೆಯ ಅಂತಸ್ತಿನ ಮೂರನೆಯ ಕೋಣೆ, ಅದರ ಸಂಖ್ಯೆಯೇ ಅವರ ಹೆಸರು. ಅಲ್ಲಿನ ಗವರ್ನರ್, ಅಂದರೆ ಸೆರೆಮನೆಯ ಮುಖ್ಯಾಧಿಕಾರಿ, ಲೆಫ್ಟಿನೆಂಟ್ ಕರ್ನಲ್ ಐಸಾಕ್‌ಸನ್ ನಿಯಮದ ಅಕ್ಷರ ಅಕ್ಷರವನ್ನೂ ಪಾಲಿಸುವವರಾಗಿದ್ದು, ಸಣ್ಣಪುಟ್ಟ ಲೋಪಕ್ಕೂ ಶಿಕ್ಷೆ ಕೊಡುತ್ತಿದ್ದರು, ಪುಸ್ತಕ ಕಿತ್ತುಕೊಳ್ಳುವುದೂ ಆ ಶಿಕ್ಷೆಗಳಲ್ಲಿ ಒಂದಾಗಿತ್ತು. 1896ರ ಫೆಬ್ರವರಿಯಲ್ಲಿ ತಾಯಿ ತೀರಿಕೊಂಡರು. ಆ ಸುದ್ದಿಯನ್ನು ಪರರ ಬಾಯಿಂದ ಕೇಳಬಾರದೆಂದು ಕಾನ್‌ಸ್ಟನ್ಸ್ ಅನಾರೋಗ್ಯದಲ್ಲೇ ಇಟಲಿಯಿಂದ ಪ್ರಯಾಣಮಾಡಿ ಬಂದು ತಾವೇ ತಿಳಿಸಿದರು. ಅದೇ ವರ್ಷ ಜುಲೈ 2ರಂದು ವೈಲ್ಡ್ ಗೃಹಮಂತ್ರಿಗೆ ಕಳಿಸಿದ ಮನವಿಯು ಸೆರೆಮನೆಯ ಓದಿನ ಇತಿಹಾಸದಲ್ಲಿ ಮುಖ್ಯವಾದ ದಾಖಲೆ. ಹದಿಮೂರು ತಿಂಗಳ ಒಂಟಿ ಸೆರೆ, ಮೌನ, ಬರೆಯಲು ಏನೂ ಇಲ್ಲದ ಸ್ಥಿತಿಯಿಂದ ತಮಗೆ ಹುಚ್ಚು ಹಿಡಿಯುವ ಭಯವಾಗಿದೆಯೆಂದೂ, ಸೆರೆಮನೆಯ ಸಂಗ್ರಹದಲ್ಲಿ ಓದಬಲ್ಲ ಪುಸ್ತಕಗಳು ಇಪ್ಪತ್ತೂ ಇಲ್ಲವೆಂದೂ, ಹೊರಗಿನಿಂದ ಬಂದವನ್ನು ಮತ್ತೆ ಮತ್ತೆ ಓದಿ ಅವು ಅರ್ಥವನ್ನೇ ಕಳೆದುಕೊಂಡಿವೆಯೆಂದೂ ಅದರಲ್ಲಿ ಬರೆದರು. ಈ ಕೊನೆಯ ಮಾತನ್ನು ಗಮನಿಸಬೇಕು. ಅಗಸ್ಟೀನ್, ಪಾಸ್ಕಲ್ ಅಂಥವರ ಗ್ರಂಥಗಳು ಕೂಡ ಅತಿಯಾದ ಒಂಟಿತನದಲ್ಲಿ, ಹಸಿವಿನಲ್ಲಿ, ನಿದ್ರೆಯಿಲ್ಲದ ರಾತ್ರಿಗಳಲ್ಲಿ ಬರಿಯ ಅಕ್ಷರಗಳಾಗಿಬಿಡುತ್ತವೆ. ಒಳ್ಳೆಯ ಪುಸ್ತಕವೊಂದಿದ್ದರೆ ಸಾಕು, ಉಳಿದುದು ತಾನಾಗಿ ಆಗುತ್ತದೆ ಎಂಬ ಫೀಲ್ಡ್‌ರ ಕಾಲದ ನಂಬಿಕೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಸಿಗುವುದು ಕಷ್ಟ.

ಬಿಡುಗಡೆಯನ್ನು ಬೇಡಿದ್ದ ಆ ಮನವಿ ತಿರಸ್ಕೃತವಾದರೂ, ಅದರಿಂದ ಎರಡು ಅನುಕೂಲಗಳಾದವು: ಶಾಯಿ, ಕಾಗದ ಸಿಕ್ಕವು, ಮತ್ತು ಹೆಚ್ಚಿನ ಪುಸ್ತಕಗಳಿಗೆ ಅನುಮತಿ ಬಂತು. ಅದೇ ತಿಂಗಳು ಐಸಾಕ್‌ಸನ್‌ರ ಜಾಗಕ್ಕೆ ಮೇಜರ್ ಜೇಮ್ಸ್ ನೆಲ್ಸನ್ ಬಂದರು. ಹೊಸ ಗವರ್ನರ್ ತಾವೇ ಆಗಷ್ಟೇ ಓದಿ ಮುಗಿಸಿದ ಪುಸ್ತಕವೊಂದನ್ನು ತಂದು, ಇದು ನಿಮಗೆ ಹಿಡಿಸಬಹುದು ಎಂದು ಕೈಗಿತ್ತಾಗ ವೈಲ್ಡ್ ಕಣ್ಣೀರಿಟ್ಟರೆಂದು ಅವರ ಗೆಳೆಯರು ಹೇಳಿದ್ದುಂಟು. ಕೈದಿಗೆ ಪುಸ್ತಕ ಮಂಜೂರು ಮಾಡುವುದೇ ಬೇರೆ, ಒಬ್ಬ ಓದುಗ ಇನ್ನೊಬ್ಬ ಓದುಗನಿಗೆ ಪುಸ್ತಕ ಕೊಡುವುದೇ ಬೇರೆ, ಮತ್ತು ನೆಲ್ಸನ್ ಮಾಡಿದ್ದು ಎರಡನೆಯದನ್ನು. ಇದಾದ ಮೇಲೆ ವೈಲ್ಡ್ ತಮ್ಮ ಗೆಳೆಯರ ಮೂಲಕ ತರಿಸಿಕೊಳ್ಳಲು ಬರೆದ ಪಟ್ಟಿಗಳು ಉಳಿದಿವೆ: ಗ್ರೀಕ್ ಭಾಷೆಯ ಹೊಸ ಒಡಂಬಡಿಕೆ, ಡಾಂಟೆ, ಚಾಸರ್, ಸ್ಪೆನ್ಸರ್, ಕೀಟ್ಸ್, ಟೆನಿಸನ್, ಎಮರ್ಸನ್, ಕಾರ್ಲೈಲ್, ಯೇಸುವಿನ ಬಾಳನ್ನು ಚರಿತ್ರೆಯ ದೃಷ್ಟಿಯಿಂದ ಬರೆದು ಚರ್ಚುಗಳ ಕೋಪಕ್ಕೆ ಗುರಿಯಾಗಿದ್ದ ಫ್ರೆಂಚ್ ವಿದ್ವಾಂಸ ರೆನಾನ್. ಈ ಕೊನೆಯದನ್ನು ಫ್ರೆಂಚ್ ಮೂಲದಲ್ಲಾದರೆ ಮಾತ್ರ ತರಿಸಬಹುದೆಂದು ಷರತ್ತು ಹಾಕಲಾಯಿತು. ಇಂಥ ಪುಸ್ತಕಗಳ ನಡುವೆ ಅವರು ಡಿಕನ್ಸ್ ಕಾದಂಬರಿಗಳ ಅಗ್ಗದ ಮುದ್ರಣವನ್ನೂ ಕೇಳಿದರು. ಸೆರೆಮನೆಯ ಸಂಗ್ರಹದಲ್ಲಿ ಅವು ಇಲ್ಲವೆಂದೂ, ತಮಗಷ್ಟೇ ಅಲ್ಲದೆ ಉಳಿದ ಕೈದಿಗಳಿಗೂ ಅವು ದೊಡ್ಡ ವರವಾಗುತ್ತವೆಂದೂ ಕಾರಣ ಕೊಟ್ಟರು. ಮೌನದ ನಿಯಮದಿಂದಾಗಿ ಯಾರ ಸಂಗಡವೂ ಮಾತನಾಡಲಾಗದ ಒಬ್ಬ ಕೈದಿ ಪಕ್ಕದ ಕೋಣೆಗಳವರಿಗಾಗಿ ಕಾದಂಬರಿ ತರಿಸುವ ಈ ಸಂಗತಿ, ಅವರ ಮನಸ್ಸು ತನ್ನ ಗಾಯದಿಂದ ಆಚೆಗೆ ತಿರುಗಲಾರಂಭಿಸಿದ್ದಕ್ಕೆ ಮೊದಲ ಗುರುತು.

ಈ ಓದು ಅವರೊಳಗೆ ಮಾಡಿದ ಕೆಲಸವನ್ನು ತಿಳಿಯಲು ಇರುವ ಆಧಾರ, 1897ರ ಜನವರಿಯಿಂದ ಮಾರ್ಚ್‌ವರೆಗೆ ಡಗ್ಲಸ್‌ನನ್ನು ಉದ್ದೇಶಿಸಿ ಬರೆದ ದೀರ್ಘ ಪತ್ರ. ಸೆರೆಮನೆಯ ಮುದ್ರೆಯಿದ್ದ ನೀಲಿ ಕಾಗದದ ಇಪ್ಪತ್ತು ದೊಡ್ಡ ಹಾಳೆಗಳನ್ನು ಮಡಿಸಿ ಎಂಬತ್ತು ಪುಟಗಳಲ್ಲಿ ಬರೆದ ಇದು ಸುಮಾರು 50,000 ಪದಗಳಷ್ಟಿದೆ. ಪತ್ರವನ್ನು ಹೊರಗೆ ಕಳಿಸಲು ಮೇಲಧಿಕಾರಿಗಳು ಒಪ್ಪದಿದ್ದಾಗ, ನೆಲ್ಸನ್ ಅದನ್ನು ತಮ್ಮಲ್ಲೇ ಕಾದಿರಿಸಿ ಬಿಡುಗಡೆಯ ಹೊತ್ತಿಗೆ ಅವರ ಕೈಗೊಪ್ಪಿಸಿದರು. ರಾಬರ್ಟ್ ರಾಸ್ ಎಂಬ ಗೆಳೆಯರು 1905ರಲ್ಲಿ, ಅಂದರೆ ವೈಲ್ಡ್ ತೀರಿಕೊಂಡ ಐದು ವರ್ಷಗಳ ಬಳಿಕ, ಬೈಬಲ್ಲಿನ ಕೀರ್ತನೆಯೊಂದರ ಲ್ಯಾಟಿನ್ ಆರಂಭದಿಂದ ಹೆಸರನ್ನು ತೆಗೆದುಕೊಂಡು ಡಿ ಪ್ರೊಫಂಡಿಸ್ ಎಂದು ಅದರ ಸಂಕ್ಷಿಪ್ತ ರೂಪವನ್ನು ಪ್ರಕಟಿಸಿದರು, ಸಂಪೂರ್ಣ ಶುದ್ಧಪಾಠ ಬೆಳಕು ಕಂಡದ್ದು 1962ರಲ್ಲಿ. ಸಂಕ್ಷಿಪ್ತ ರೂಪವನ್ನಷ್ಟೇ ಓದಿದವರಿಗೆ ಇದು ಶಾಂತವಾದ ಧ್ಯಾನದಂತೆ ಕಂಡರೆ, ಪೂರ್ಣ ಪಾಠ ಓದಿದವರಿಗೆ ಬೇರೆಯದೇ ಕಾಣುತ್ತದೆ. ಪತ್ರದ ಮೊದಲ ಭಾಗ ಬಹುತೇಕ ಆರೋಪಪಟ್ಟಿ: ಡಗ್ಲಸ್ ಯಾವ ಹೋಟೆಲಿನಲ್ಲಿ ಎಷ್ಟು ಖರ್ಚು ಮಾಡಿಸಿದ, ಯಾವ ನಾಟಕ ಬರೆಯುವಾಗ ಬಂದು ಕಾಲ ಹಾಳುಮಾಡಿದ, ಜ್ವರದಲ್ಲಿ ಮಲಗಿದ್ದಾಗ ಹೇಗೆ ಬಿಟ್ಟುಹೋದ, ಒಟ್ಟು 5,000 ಪೌಂಡಿಗೂ ಮೀರಿ ಹಣ ಹೇಗೆ ಕರಗಿತು ಎಂಬ ಲೆಕ್ಕ. ಬರೆಯುತ್ತ ಬರೆಯುತ್ತ ಆರೋಪದ ಬೆರಳು ತಿರುಗಿ, ತನ್ನ ನಾಶಕ್ಕೆ ತನ್ನ ಕೈಯೇ ಕಾರಣವೆಂಬ ಒಪ್ಪಿಗೆ ಬರುತ್ತದೆ. ಆ ಒಪ್ಪಿಗೆ ಬಂದ ಜಾಗದಲ್ಲಿಯೇ ವಿನಯ ಎಂಬ, ಅವರ ಹಿಂದಿನ ಬರಹಗಳಲ್ಲಿ ಅಪರೂಪವಾಗಿದ್ದ ಗುಣವನ್ನು ತಮಗೆ ಉಳಿದ ಕೊನೆಯ ಸಂಪತ್ತೆಂದು ಅವರು ಕರೆಯುತ್ತಾರೆ.

ಈ ತಿರುವಿಗೆ ದಾರಿ ಮಾಡಿದವು ಆ ಕೋಣೆಯಲ್ಲಿದ್ದ ಪುಸ್ತಕಗಳು ಎಂದು ಹೇಳಲು ಪತ್ರವೇ ಸಾಕ್ಷಿ ಕೊಡುತ್ತದೆ. ಡಾಂಟೆಯ ಕಾವ್ಯದ ನರಕಭಾಗದಲ್ಲಿ, ಬೆಳಕಿನ ಲೋಕದಲ್ಲಿದ್ದಾಗಲೂ ಮುಖ ಗಂಟಿಕ್ಕಿಕೊಂಡೇ ಬದುಕಿದವರು ಕೆಸರಿನ ಜೌಗಿನಲ್ಲಿ ಮುಳುಗಿ ನಿಟ್ಟುಸಿರಿಡುವ ದೃಶ್ಯವಿದೆ. ದುಃಖವನ್ನು ಅಪ್ಪಿಕೊಂಡವರಿಗೆ ಕವಿ ಇಷ್ಟು ಕಠಿಣ ಶಿಕ್ಷೆ ವಿಧಿಸಿದ್ದೇಕೆಂದು ತಾರುಣ್ಯದಲ್ಲಿ ತಮಗೆ ತಿಳಿಯಲಿಲ್ಲವೆಂದೂ, ತಮ್ಮ ಕಹಿಯನ್ನೇ ಆಸ್ತಿಯಂತೆ ಕಾಯುವ ಆಸೆ ತಮ್ಮೊಳಗೇ ಹುಟ್ಟಿದ್ದನ್ನು ಸೆರೆಮನೆಯಲ್ಲಿ ಕಂಡಾಗ ತಿಳಿಯಿತೆಂದೂ ವೈಲ್ಡ್ ಸೂಚಿಸುತ್ತಾರೆ. ಮುಂಜಾನೆ ಕೋಣೆ ಗುಡಿಸಿ, ತಟ್ಟೆ ಲೋಟ ಬೆಳಗಿದ ಮೇಲೆ ಗ್ರೀಕ್ ಒಡಂಬಡಿಕೆಯ ಹತ್ತು ಹನ್ನೆರಡು ವಾಕ್ಯಗಳನ್ನು ಓದುವುದು ಅವರ ರೂಢಿಯಾಯಿತು. ಫೀಲ್ಡ್‌ರ ಕೈದಿಗಳೂ ಇದೇ ಸೆರೆಮನೆಯಲ್ಲಿ ಇದೇ ಗ್ರಂಥವನ್ನು ಅಧ್ಯಾಯಗಟ್ಟಲೆ ಒಪ್ಪಿಸಿದ್ದರು. ಇಂಗ್ಲಿಷಿನಲ್ಲಿ ಬಾಲ್ಯದಿಂದ ಕೇಳಿ ಕೇಳಿ ಸವೆದುಹೋಗಿದ್ದ ಮಾತುಗಳು ಬೇರೆ ಭಾಷೆಯಲ್ಲಿ ಹೊಸದಾಗಿ ಕೇಳಿಸಿದಾಗ, ಯಾರೂ ಒಪ್ಪಿಸೆಂದು ಕೇಳದಿದ್ದಾಗ, ಬೇಕೆಂದೇ ತರಿಸಿಕೊಂಡು ಓದಿದಾಗ ಅವು ಪಡೆದ ಶಕ್ತಿ ಬೇರೆಯಾಯಿತು. ಅಗಸ್ಟೀನ್ ತಮ್ಮ ಆತ್ಮಕಥನದಲ್ಲಿ ಹದಿನಾರರ ಹರೆಯದಲ್ಲಿ ಪಕ್ಕದ ತೋಟದ ಪಿಯರ್ ಹಣ್ಣು ಕದ್ದ ಸಣ್ಣ ತಪ್ಪನ್ನು ಎತ್ತಿಕೊಂಡು, ಹಸಿವಿಲ್ಲದೆ, ರುಚಿಗೂ ಅಲ್ಲದೆ ಏಕೆ ಕದ್ದೆನೆಂದು ಪುಟಗಟ್ಟಲೆ ತಮ್ಮನ್ನೇ ವಿಚಾರಣೆ ಮಾಡಿಕೊಳ್ಳುತ್ತಾರೆ. ಹೊರಗಿನ ನ್ಯಾಯಾಲಯಕ್ಕೆ ಗೊತ್ತಿಲ್ಲದ ಒಳಗಿನ ವಿಚಾರಣೆಯ ಈ ಕ್ರಮವನ್ನು ಪಾಶ್ಚಾತ್ಯ ಸಾಹಿತ್ಯಕ್ಕೆ ಕಲಿಸಿದ್ದು ಆ ಗ್ರಂಥ, ಮತ್ತು ವೈಲ್ಡ್‌ರ ಪತ್ರ ಅದೇ ಜಾಡಿನಲ್ಲಿ ಸಾಗುತ್ತದೆ. ಓದು ಇಲ್ಲಿ ಸಮಾಧಾನದ ಮಾತು ಹೇಳಲಿಲ್ಲ. ತನ್ನ ಬಾಳನ್ನು ಕಥೆಯಂತೆ ಹಿಂದಿನಿಂದ ಮುಂದಕ್ಕೆ ಮತ್ತೆ ಹೇಳಿಕೊಳ್ಳಲು, ಅದರಲ್ಲಿ ತನ್ನ ಪಾಲೆಷ್ಟು ಪರರ ಪಾಲೆಷ್ಟು ಎಂದು ಬಿಡಿಸಿ ನೋಡಲು ಬೇಕಾದ ಭಾಷೆಯನ್ನು ಅದು ಕೊಟ್ಟಿತು, ಮತ್ತು ಆ ಭಾಷೆಯನ್ನು ಬಳಸಲು ಕಾಗದವೂ ಆ ಹೊತ್ತಿಗೆ ಇತ್ತು.

ಹೀಗೆ ಸಿಕ್ಕ ನೆಮ್ಮದಿ ಬದುಕಿನ ಕೊನೆಯವರೆಗೂ ಅಚಲವಾಗಿ ಉಳಿಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. 1897ರ ಮೇ 19ರಂದು ಬಿಡುಗಡೆಯಾದ ವೈಲ್ಡ್ ಅದೇ ವರ್ಷ ನೇಪಲ್ಸಿನಲ್ಲಿ ಡಗ್ಲಸ್‌ನೊಡನೆ ಮತ್ತೆ ಕೂಡಿಕೊಂಡರು, ಮಕ್ಕಳನ್ನು ಮತ್ತೆಂದೂ ನೋಡಲಾಗಲಿಲ್ಲ, ಹಣವಿಲ್ಲದೆ 1900ರ ನವೆಂಬರ್ 30ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಸತ್ತರು. ಆದರೆ ಸೆರೆಮನೆಯ ಓದಿನಿಂದ ಪರರ ಕಡೆಗೆ ತಿರುಗಿದ ಮನಸ್ಸು ಮುಚ್ಚಿಕೊಳ್ಳಲಿಲ್ಲ. ಹಸಿದ ಮಗುವೊಂದಕ್ಕೆ ಬಿಸ್ಕತ್ತು ಕೊಟ್ಟನೆಂದು ರೆಡಿಂಗ್‌ನ ವಾರ್ಡರ್ ಥಾಮಸ್ ಮಾರ್ಟಿನ್‌ನನ್ನು ಕೆಲಸದಿಂದ ತೆಗೆದ ಸುದ್ದಿ ತಿಳಿದ ಕೂಡಲೇ, ಹೊರಬಂದ ಒಂಬತ್ತೇ ದಿನಕ್ಕೆ, ಡೈಲಿ ಕ್ರಾನಿಕಲ್ ಪತ್ರಿಕೆಯಲ್ಲಿ ಸೆರೆಮನೆಯ ಮಕ್ಕಳ ಸ್ಥಿತಿಯ ಕುರಿತು ಅವರ ದೀರ್ಘ ಪತ್ರ ಪ್ರಕಟವಾಯಿತು. ತಮ್ಮ ಸೆರೆವಾಸದ ಕಾಲದಲ್ಲಿ, 1896ರ ಜುಲೈ 7ರಂದು, ಅಲ್ಲಿ ಗಲ್ಲಿಗೇರಿದ ಸೈನಿಕನೊಬ್ಬನನ್ನು ಕುರಿತ ಅವರ ಲಾವಣಿ 1898ರಲ್ಲಿ, ಕವಿಯ ಹೆಸರಿನ ಬದಲು ಕೋಣೆಯ ಸಂಖ್ಯೆಯೊಡನೆ ಅಚ್ಚಾಯಿತು. ಅದೇ ವರ್ಷ ಮಾರ್ಚ್‌ನಲ್ಲಿ, ಸೆರೆಮನೆ ಸುಧಾರಣೆಯ ಮಸೂದೆ ಪಾರ್ಲಿಮೆಂಟಿನ ಮುಂದಿದ್ದಾಗ, ಮೂರು ತಿಂಗಳು ಪುಸ್ತಕವಿಲ್ಲದಿರುವ ನಿಯಮವನ್ನು ಹೆಸರಿಸಿ ಖಂಡಿಸಿ, ಕೈದಿಗಳಿಗೆ ಸಾಕಷ್ಟು ಒಳ್ಳೆಯ ಪುಸ್ತಕ ಸಿಗಬೇಕೆಂದು ಅವರು ಇನ್ನೊಂದು ಪತ್ರ ಬರೆದರು. 1898ರ ಕಾಯಿದೆ ಡ್ಯು ಕೇನ್ ಕಟ್ಟಿದ ಕಠೋರ ವ್ಯವಸ್ಥೆಯನ್ನು ಸಡಿಲಗೊಳಿಸುವ ಮೊದಲ ಹೆಜ್ಜೆಯಾಯಿತು.

ಭಾರತದಲ್ಲಿ ಸೆರೆಮನೆಯ ಓದು ಎಂದರೆ ಸಾಮಾನ್ಯವಾಗಿ ನೆನಪಾಗುವುದು ಸ್ವಾತಂತ್ರ್ಯ ಹೋರಾಟಗಾರರು. ಮಂಡಾಲೆ ಸೆರೆಮನೆಯಲ್ಲಿ ಬಾಲಗಂಗಾಧರ ತಿಲಕರು ನೂರಾರು ಗ್ರಂಥಗಳನ್ನು ತರಿಸಿಕೊಂಡು 1910-11ರ ಚಳಿಗಾಲದಲ್ಲಿ ಬರೆದ ಗೀತಾರಹಸ್ಯವು ಆಲೂರ ವೆಂಕಟರಾಯರ ಅನುವಾದದಿಂದ ಕನ್ನಡಿಗರ ಮನೆಗಳನ್ನು ತಲುಪಿತು. ಈ ಪರಂಪರೆ ದೊಡ್ಡದು, ಪೂಜ್ಯವಾದದ್ದು. ಆದರೆ ತಾನು ಮಾಡಿದ್ದು ಸರಿ ಎಂಬ ದೃಢತೆಯಿಂದ ಸೆರೆಗೆ ಹೋದವನ ಓದು ಒಂದು ಬಗೆಯದು, ತಾನು ಮಾಡಿದ್ದು ತಪ್ಪೆಂಬ ಅರಿವಿನ ಭಾರ ಹೊತ್ತವನ ಓದು ಇನ್ನೊಂದು ಬಗೆಯದು, ಮತ್ತು ಮೊದಲನೆಯದರ ಪ್ರಕಾಶದಲ್ಲಿ ಎರಡನೆಯದನ್ನು ಭಾರತದ ಬರಹಗಾರರು ಬಹುಮಟ್ಟಿಗೆ ಕಡೆಗಣಿಸಿದ್ದಾರೆ. ಕಳ್ಳತನ, ಹೊಡೆದಾಟ, ಕೊಲೆಯ ಅಪರಾಧಿಗೂ ಪುಸ್ತಕ ಬೇಕೆಂಬ ಮಾತು ಇಲ್ಲಿ ಬೇರೂರಲು ತಡವಾಯಿತು. ಡ್ಯು ಕೇನ್ ಯುಗದಲ್ಲೇ ಬಂದ 1894ರ ಭಾರತದ ಸೆರೆಮನೆ ಕಾಯಿದೆ ಶಿಸ್ತಿಗೆ ಒತ್ತು ಕೊಟ್ಟಿತು. ಸುಧಾರಣೆಯೂ ಸೆರೆಮನೆಯ ಗುರಿಯೆಂದು ಸ್ಪಷ್ಟವಾಗಿ ಹೇಳಿದ್ದು 1919-20ರ ಭಾರತೀಯ ಜೈಲು ಸಮಿತಿ.

ಇಂಥ ಅಪರಾಧಿಗಳ ಕೈಗೂ ಪುಸ್ತಕ ಸಿಕ್ಕ ಉದಾಹರಣೆಗಳು ಬೇರೆ ದೇಶಗಳಲ್ಲಿವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಫೋಕ್ ಸೆರೆಮನೆಯಲ್ಲಿ ಶ್ರೀಮಂತರೊಬ್ಬರು ದಾನ ಮಾಡಿದ ದೊಡ್ಡ ಗ್ರಂಥಸಂಗ್ರಹವಿತ್ತು. ಮನೆಗಳ್ಳತನಕ್ಕಾಗಿ 1946ರಲ್ಲಿ ಶಿಕ್ಷೆಗೊಳಗಾಗಿ, 1948ರಲ್ಲಿ ಅಲ್ಲಿಗೆ ಬಂದ ಯುವಕನೊಬ್ಬ ಮೊದಲು ನಿಘಂಟನ್ನು ಕೈಯಿಂದ ನಕಲು ಮಾಡಿ ಪದ ಕಲಿತು, ಆಮೇಲೆ ರಾತ್ರಿ ಹತ್ತಕ್ಕೆ ದೀಪ ಆರಿದ ಮೇಲೂ ಮೊಗಸಾಲೆಯ ಬೆಳಕಿನಲ್ಲಿ ನೆಲದ ಮೇಲೆ ಕೂತು ಚರಿತ್ರೆಯನ್ನೂ ತತ್ತ್ವಶಾಸ್ತ್ರವನ್ನೂ ಓದಿದನು. ಅವನೇ ಮುಂದೆ ಕಪ್ಪು ಜನರ ಹೋರಾಟದ ನಾಯಕನಾದ ಮಾಲ್ಕಮ್ ಎಕ್ಸ್. ಬ್ರೆಜಿಲ್ 2012ರಲ್ಲಿ, ಕೈದಿ ಒಂದು ಪುಸ್ತಕ ಓದಿ ಅದರ ಬಗ್ಗೆ ಬರೆದು ತೋರಿಸಿದರೆ ಶಿಕ್ಷೆಯಲ್ಲಿ ನಾಲ್ಕು ದಿನ, ವರ್ಷಕ್ಕೆ ಹನ್ನೆರಡು ಪುಸ್ತಕಗಳಿಗೆ ನಲವತ್ತೆಂಟು ದಿನ ಕಡಿತ ಕೊಡುವ ನಿಯಮ ತಂದಿತು. ಬಹುಮಾನದ ಆಸೆ ಸೇರಿದ್ದರಿಂದ ಪೆಂಟನ್‌ವಿಲ್‌ನ ದೋಷದ ನೆರಳು ಇದರಲ್ಲೂ ಇಲ್ಲದಿಲ್ಲ, ಆದರೂ ಬರೆಯುವ ಕೆಲಸವನ್ನು ಓದಿಗೆ ಜೋಡಿಸಿದ್ದು ಇದರ ಗಟ್ಟಿ ಅಂಶ. ಇಂಗ್ಲೆಂಡಿನಲ್ಲಿ 2013ರ ಕೊನೆಯಲ್ಲಿ ಬಂದ ನಿಯಮವೊಂದು ಮನೆಯವರು ಕೈದಿಗಳಿಗೆ ಪುಸ್ತಕ ಕಳಿಸುವುದನ್ನು ತಡೆದಾಗ ಲೇಖಕರು ಬೀದಿಗಿಳಿದರು, 2014ರ ಡಿಸೆಂಬರಿನಲ್ಲಿ ಅಲ್ಲಿನ ಹೈಕೋರ್ಟ್ ಆ ತಡೆಯನ್ನು ಕಾನೂನುಬಾಹಿರವೆಂದು ತೀರ್ಪಿತ್ತಿತು. ರೆಡಿಂಗ್ ಸೆರೆಮನೆ ಸೆರೆಮನೆಯಾಗಿ ಮುಚ್ಚಿದ್ದೂ 2013ರ ಕೊನೆಯ ಹೊತ್ತಿಗೇ.

ಭಾರತದಲ್ಲಿ 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರತಿ ಸೆರೆಮನೆಗೂ ಗ್ರಂಥಾಲಯ ಇರಬೇಕೆಂದು ಹೇಳುತ್ತದೆ, ಮತ್ತು ಸಂಘ ಸಂಸ್ಥೆಗಳು ಪುಸ್ತಕ ಕೊಡುವುದೂ ಉಂಟು. ಕೊಡುವಾಗ ನೀತಿಬೋಧೆಯ, ಭಕ್ತಿಯ, ಮಹಾಪುರುಷರ ಚರಿತ್ರೆಯ ಪುಸ್ತಕಗಳನ್ನೇ ಆರಿಸುವ ವಾಡಿಕೆ ಫೀಲ್ಡ್ ಪಾದ್ರಿಯ ಕಾಲದಿಂದ ಹೆಚ್ಚೇನೂ ದೂರ ಬಂದಿಲ್ಲ. 2022ರ ಕೊನೆಯ ಹೊತ್ತಿಗೆ ದೇಶದ ಕೈದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇನ್ನೂ ವಿಚಾರಣೆ ಮುಗಿಯದವರು; ಅಪರಾಧ ಸಾಬೀತಾಗದವರ ಕೈಗೆ ಪಶ್ಚಾತ್ತಾಪದ ಪುಸ್ತಕವನ್ನಷ್ಟೇ ಕೊಡುವುದು ನ್ಯಾಯವೂ ಅಲ್ಲ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿಯ ಕೇಂದ್ರ ಕಾರಾಗೃಹಗಳಿಗಾಗಲಿ, ತಮ್ಮ ಜಿಲ್ಲೆಯ ಸೆರೆಮನೆಗಾಗಲಿ ಪುಸ್ತಕ ಕೊಡಬೇಕೆನ್ನುವ ಕನ್ನಡ ಓದುಗರು ಮೊದಲು ಅಧಿಕಾರಿಗಳ ಮೂಲಕ ಒಳಗಿರುವವರು ಏನನ್ನು ಓದಬಯಸುತ್ತಾರೆಂದು ಕೇಳಬೇಕು, ಕಾದಂಬರಿ, ಪ್ರವಾಸಕಥನ, ಚರಿತ್ರೆ, ನಿಘಂಟು ಯಾವುದನ್ನು ಕೇಳಿದರೂ ಅದನ್ನೇ ಕೊಡಬೇಕು, ಮತ್ತು ಪುಸ್ತಕಗಳ ಕಟ್ಟಿನೊಡನೆ ಬರೆಯಲು ನೋಟ್‌ಬುಕ್ಕುಗಳನ್ನೂ ಕಳಿಸಲು ಅನುಮತಿ ಕೇಳಬೇಕು.